ಆರೋಪಿಗೆ ಕಚೇರಿ, ನೊಂದವಳಿಗೆ ಅಲೆದಾಟವೇ?



ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. "ಹೆಂಡತಿಯ ಮೈಮೇಲೆ ಸೀಮೆಎಣ್ಣೆ ಸುರಿದವನಿಗೂ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದಂತೆ. ಇದು ಯಾವ ನ್ಯಾಯ?"

ಕೊಡುವುದು ನಿಜ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ತಂದ ಯೋಜನೆಯಂತೆ ಜಿಲ್ಲಾ ಕೇಂದ್ರಗಳಲ್ಲಿ 'ಕಾನೂನು ನೆರವು ಅಭಿರಕ್ಷಕರ ಕಚೇರಿ'ಗಳು ತೆರೆದವು. ಅಭಿರಕ್ಷಕರು ಎಂದರೆ ಆರೋಪಿಯ ಪರ ವಾದಿಸುವ ವಕೀಲರು. ಅವರ ಮೇಲೊಬ್ಬರು ಮುಖ್ಯ ಅಭಿರಕ್ಷಕರು. ಆ ಕುರ್ಚಿಗೆ ಬರಲು ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕನಿಷ್ಠ 10 ವರ್ಷದ ಅನುಭವ ಬೇಕು. ಅವರ ಕೈಕೆಳಗೆ ಉಪ ಮತ್ತು ಸಹಾಯಕ ಅಭಿರಕ್ಷಕರಿರುತ್ತಾರೆ. ಇವರೆಲ್ಲ ತಿಂಗಳ ಸಂಬಳಕ್ಕೆ ದುಡಿಯುವ ಪೂರ್ಣಾವಧಿ ವಕೀಲರು. ಖಾಸಗಿ ಕೇಸು ಹಿಡಿಯುವಂತಿಲ್ಲ.

ಈ ಕಚೇರಿಗಳನ್ನು ಮುಚ್ಚಿಸಿ ಎಂದು ನಾವು ಕೂಗಬೇಕೇ? ಬೇಡ. ನಮ್ಮ ಸಿಟ್ಟಿಗೆ ಕಾರಣವಿದೆ, ಆದರೆ ಅದು ತಪ್ಪು ಬಾಗಿಲನ್ನು ಬಡಿಯಬಾರದು.

ಮೊದಲು ಈ ಕಚೇರಿಯ ಕಲ್ಪನೆ ಯಾರದೆಂದು ತಿಳಿಯೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲಾರಾ ಫೋಲ್ಟ್ಜ್ ಎಂಬ ಹೆಣ್ಣುಮಗಳಿದ್ದಳು. ಗಂಡ ಬಿಟ್ಟುಹೋದವಳು, ಐದು ಮಕ್ಕಳ ತಾಯಿ. ಹೆಂಗಸರು ವಕೀಲಿ ಮಾಡುವಂತಿಲ್ಲ ಎಂಬ ಕಾನೂನನ್ನೇ ಹೋರಾಡಿ ಬದಲಿಸಿ, 1878ರಲ್ಲಿ ವಕೀಲೆಯಾದಳು. ಆರೋಪ ಹೊರಿಸಲು ಸರ್ಕಾರ ವಕೀಲರನ್ನು ಇಡುವುದಾದರೆ, ಬಡ ಆರೋಪಿಯ ಪರ ವಾದಿಸಲೂ ಸರ್ಕಾರವೇ ವಕೀಲರನ್ನು ಇಡಬೇಕು ಎಂದು 1893ರಲ್ಲಿ ಚಿಕಾಗೋದ ದೊಡ್ಡ ಮೇಳದಲ್ಲಿ ವಾದಿಸಿದಳು. 1914ರಲ್ಲಿ ಲಾಸ್ ಏಂಜಲೀಸ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ, ಅಂಥ ಕಚೇರಿಯನ್ನು ತೆರೆಯಿತು. ಬಡವರ ಪರ ನಿಲ್ಲುವ ಈ ಕಚೇರಿಯ ಬೀಜ ಬಿತ್ತಿದವಳು ಗಂಡ ಕೈಬಿಟ್ಟ ಒಬ್ಬ ಹೆಣ್ಣು.

ನಮ್ಮ ದೇಶದ ಕಥೆಯನ್ನೂ ನೋಡಿ. 1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಹುಸೈನಾರಾ ಖಾತೂನ್ ಹೆಸರಿನ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರು ಬಯಲಿಗೆ ಬಂದರು. ಅವರ ನಡುವೆ ಯಾವ ಅಪರಾಧವನ್ನೂ ಮಾಡದ ಹೆಂಗಸರೂ ಇದ್ದರು! ಅನ್ಯಾಯಕ್ಕೆ ಒಳಗಾದವರನ್ನು, ಸಾಕ್ಷಿ ಹೇಳಬೇಕಾದವರನ್ನು 'ರಕ್ಷಣೆ'ಯ ಹೆಸರಿನಲ್ಲಿ ಜೈಲಿಗೆ ಹಾಕಿದ್ದರು. ಕೇಳಲು ಒಬ್ಬ ವಕೀಲನೂ ಇಲ್ಲದಿದ್ದರೆ ಜೈಲು ಯಾರನ್ನು ನುಂಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೆಣ್ಣೂ ಆರೋಪಿಯಾಗುತ್ತಾಳೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಪಂಜಾಬಿನ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಹೊಡೆತ ತಿಂದು, 1989ರಲ್ಲಿ ಅವನಿಗೆ ಬೆಂಕಿ ಹಚ್ಚಿದಳು. ಮೊದಲ ವಿಚಾರಣೆಯಲ್ಲಿ ಆ ಹಿಂಸೆ ಅವಳ ಮನಸ್ಸನ್ನು ಏನು ಮಾಡಿತ್ತೆಂಬ ಸಾಕ್ಷ್ಯವೇ ಮುಂದೆ ಬರಲಿಲ್ಲ. ಕೊಲೆಗಾರ್ತಿ ಎಂದು ಜೀವಾವಧಿ ಶಿಕ್ಷೆಯಾಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಬೆನ್ನಿಗೆ ನಿಂತ ಮೇಲೆ, 1992ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿತ್ತು, ಅವಳು ಹೊರಬಂದಳು. ಸರಿಯಾದ ವಕೀಲಿಕೆ ಮೊದಲೇ ಸಿಕ್ಕಿದ್ದರೆ ಆ ಜೈಲುವಾಸದ ವರ್ಷಗಳು ಉಳಿಯುತ್ತಿರಲಿಲ್ಲವೇ?

ಇನ್ನೊಂದು ಮಾತು. ವಕೀಲರನ್ನೇ ಕೊಡದೆ ವಿಧಿಸಿದ ಶಿಕ್ಷೆ ನಿಲ್ಲುವುದಿಲ್ಲ. 1986ರಲ್ಲಿ ಸುಖ್ ದಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ಶಿಕ್ಷೆಯನ್ನು ರದ್ದು ಮಾಡಿತು. ವರದಕ್ಷಿಣೆ ಸಾವಿನ ಕೇಸಿನಲ್ಲಿ ಹೀಗಾದರೆ ನಷ್ಟ ಸತ್ತವಳ ತಾಯಿಗೇ. ಆದ್ದರಿಂದ ಆರೋಪಿಗೆ ವಕೀಲರಿರಲಿ, ಒಳ್ಳೆಯ ವಕೀಲರೇ ಇರಲಿ.

ಹಾಗಾದರೆ ನಮ್ಮ ಜಗಳ ಎಲ್ಲಿ? ಇಲ್ಲಿದೆ.

ಈ ಕಚೇರಿ ಇರುವುದು ಕ್ರಿಮಿನಲ್ ಕೇಸಿನ ಆರೋಪಿಗಳಿಗೆ ಮತ್ತು ಶಿಕ್ಷೆಗೊಳಗಾದವರಿಗೆ ಮಾತ್ರ. ಹೊಡೆತ ತಿಂದು ಬಂದವಳಿಗೆ, ಜೀವನಾಂಶ ಕೇಳುವವಳಿಗೆ ಅಲ್ಲ. ಅವಳಿಗೆ ಸಿಗುವುದು ಪಟ್ಟಿಯಲ್ಲಿರುವ ವಕೀಲರು, ಅಂದರೆ ಪ್ಯಾನೆಲ್ ವಕೀಲರು. ಅವರಿಗೆ ಕೇಸಿಗಿಷ್ಟು ಎಂದು ಸಣ್ಣ ಸಂಭಾವನೆ. ಹೊಟ್ಟೆಪಾಡಿಗೆ ತಮ್ಮ ಖಾಸಗಿ ಕಕ್ಷಿದಾರರನ್ನೇ ನೆಚ್ಚಿಕೊಳ್ಳಬೇಕು. ಇಬ್ಬರೂ ಬಡವರೇ, ಇಬ್ಬರೂ ಒಂದೇ ಪ್ರಾಧಿಕಾರದ ಬಾಗಿಲಿಗೆ ಬಂದವರೇ. ಗಂಡನಿಗೆ ಮೇಜು, ಕುರ್ಚಿ, ಸಂಬಳದ ವಕೀಲರು. ಹೆಂಡತಿಗೆ ಕೋರ್ಟಿನ ಮೆಟ್ಟಿಲ ಮೇಲೆ ಕಾಯುವ ಕೆಲಸ. ಈ ಏರುಪೇರನ್ನು ನಾವು ಒಪ್ಪುವುದಿಲ್ಲ.

"ಅವಳ ಪರ ಸರ್ಕಾರಿ ಅಭಿಯೋಜಕರಿದ್ದಾರಲ್ಲ?" ಎನ್ನುವವರಿದ್ದಾರೆ. ಅಭಿಯೋಜಕರು ಸರ್ಕಾರದ ವಕೀಲರು, ಅವಳ ವಕೀಲರಲ್ಲ. ಅವರಿಗೆ ಅವಳು ಬರೀ ಒಬ್ಬ ಸಾಕ್ಷಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅರ್ಜಿಯಲ್ಲಂತೂ ಅವಳೇ ತನ್ನ ಪರ ವಕೀಲರನ್ನು ಹಿಡಿಯಬೇಕು. ಆ ಕಾಯ್ದೆ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಎನ್ನುತ್ತದೆ. ವಕೀಲರೇ ವಾಯಿದೆ ಕೇಳುತ್ತಾ ಹೋದರೆ ಅದು ಕಾಗದದ ಮಾತಾಗಿಯೇ ಉಳಿಯುತ್ತದೆ.

ಎರಡನೆಯ ಮಾತು ಮುಖ್ಯ ಅಭಿರಕ್ಷಕರ ಬಗ್ಗೆ. ಕಚೇರಿ ಹೇಗಿರುತ್ತದೆ ಎಂಬುದು ಅದನ್ನು ನಡೆಸುವವರ ಮೇಲೆ ನಿಂತಿದೆ. ಆರೋಪಿಯ ಪರ ವಾದಿಸುವುದು ಒಂದು, ನೊಂದವಳ ಮಾನ ಕಳೆಯುವುದು ಇನ್ನೊಂದು. ಗಾಯದ ಬಗ್ಗೆ ಕೇಳಲಿ, ತಾರೀಖಿನ ಬಗ್ಗೆ ಕೇಳಲಿ, ಹಣ ಕೊಟ್ಟದ್ದಕ್ಕೆ ಸಾಕ್ಷಿ ಕೇಳಲಿ. ಆದರೆ ಪಾಟೀಸವಾಲಿನಲ್ಲಿ "ನಿನಗೆ ಎಷ್ಟು ಜನರ ಸಂಗ?" ಎಂದು ಕೇಳುವುದು ಯಾವ ಹಕ್ಕಿನ ರಕ್ಷಣೆ? ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯಬೇಕೆಂದು ಸಾಕ್ಷ್ಯ ಕಾನೂನೇ ಹೇಳಿದೆ. ಜನರ ದುಡ್ಡಿನಲ್ಲಿ ನಡೆಯುವ ಕಚೇರಿಯ ವಕೀಲರಿಂದ ಅಂಥ ಪ್ರಶ್ನೆ ಹೊರಡದಂತೆ ನೋಡಿಕೊಳ್ಳುವುದು ಮುಖ್ಯಸ್ಥರ ಹೊಣೆ.

ಜೈಲಿಗೆ ಹೋಗಿ ಕೈದಿಗಳನ್ನು ಕಾಣುವುದೂ ಅವರದೇ ಹೊಣೆ. ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿ ಜೈಲಿನ ಹೆಂಗಸರ ಪಾಡನ್ನು ಸುಪ್ರೀಂ ಕೋರ್ಟಿಗೆ ಮುಟ್ಟಿಸಿದ್ದರಿಂದ, ಯಾರನ್ನೇ ಬಂಧಿಸಿದರೂ ಪೊಲೀಸರು ಕೂಡಲೇ ಹತ್ತಿರದ ಕಾನೂನು ನೆರವು ಸಮಿತಿಗೆ ತಿಳಿಸಬೇಕೆಂದು 1983ರಲ್ಲೇ ಆದೇಶವಾಯಿತು. ತಿಳಿಸುತ್ತಿದ್ದಾರೆಯೇ ಎಂದು ಠಾಣೆಗೆ ಹೋಗಿ ಕೇಳುವ ಮುಖ್ಯಸ್ಥರು ನಮಗೆ ಬೇಕು. ಕಡತ ಎಷ್ಟು ಮುಗಿಯಿತು ಎಂದು ಲೆಕ್ಕ ಒಪ್ಪಿಸುವವರಷ್ಟೇ ಸಾಲದು. ಆದರೆ ಅವರನ್ನು ನೇಮಿಸುವುದು ಎರಡು ವರ್ಷದ ಕರಾರಿನ ಮೇಲೆ. ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ಇರುವವರು ಪೊಲೀಸರನ್ನು, ಆಡಳಿತವನ್ನು ಎದುರು ಹಾಕಿಕೊಳ್ಳುವರೇ?

ಮೂರನೆಯದು ರಾಜಿಯ ಪಿಡುಗು. ಲೋಕ ಅದಾಲತ್ ಜಮೀನಿನ ತಂಟೆಗೆ, ಸಾಲದ ತಂಟೆಗೆ ಒಳ್ಳೆಯದಿರಬಹುದು. ಮೂಳೆ ಮುರಿದವನೊಂದಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಕಳುಹಿಸುವುದು ನ್ಯಾಯವಲ್ಲ. ಹಾಗೆ ಹಿಂದಕ್ಕೆ ಹೋದವಳು ಮತ್ತೆ ಬರುವುದು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ.

ನಮ್ಮ ಬೇಡಿಕೆಗಳು ಸ್ಪಷ್ಟ:

ಒಂದು, ಪ್ರತಿ ಜಿಲ್ಲೆಯಲ್ಲೂ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ಅಭಿರಕ್ಷಕರ ಕಚೇರಿಯಷ್ಟೇ ಬಲವಾದ, ಪೂರ್ಣಾವಧಿ ವಕೀಲರಿರುವ ಪ್ರತ್ಯೇಕ ಕಚೇರಿ ಬೇಕು. ಒಂದು ಕಚೇರಿಯ ಗುಟ್ಟು ಇನ್ನೊಂದಕ್ಕೆ ಹೋಗಬಾರದು.

ಎರಡು, ಎರಡೂ ಕಚೇರಿಗಳ ಮುಖ್ಯಸ್ಥರ ಹುದ್ದೆಗೆ ಮಹಿಳಾ ವಕೀಲರು ಬರಬೇಕು. ಕೇವಲ ಸಹಾಯಕಿಯರಾಗಿ ಅಲ್ಲ.

ಮೂರು, ಕರಾರಿನ ಬದಲು ಭದ್ರವಾದ ನೇಮಕ, ಒಬ್ಬ ವಕೀಲರಿಗೆ ಹೊರುವಷ್ಟೇ ಕೇಸು.

ನಾಲ್ಕು, ಹಿಂಸೆಯ ಪ್ರಕರಣದಲ್ಲಿ ರಾಜಿಗೆ ಒತ್ತಾಯ ನಿಲ್ಲಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈಗಿರುವ ಹಕ್ಕನ್ನು ಹಿಡಿಯೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪ್ರತಿಯೊಬ್ಬ ಮಹಿಳೆಗೂ ಉಚಿತ ವಕೀಲರು ಸಿಗಬೇಕು. ಆದಾಯದ ಮಿತಿ ಇಲ್ಲ. "ಆದಾಯ ಪತ್ರ ತಾ" ಎಂದರೆ ಒಪ್ಪಬೇಡಿ. ತಾಲ್ಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಕಾನೂನು ನೆರವು ಕೊಡಿಸುವುದು ಅವರ ಕರ್ತವ್ಯ, ಉಪಕಾರವಲ್ಲ. ಕ್ರಿಮಿನಲ್ ಕೇಸಿನಲ್ಲೂ ಕೋರ್ಟಿನ ಅನುಮತಿ ಪಡೆದು ಅಭಿಯೋಜಕರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು.

ಒಬ್ಬಳು ಅರ್ಜಿ ಹಿಡಿದು ಹೋದರೆ "ನಾಳೆ ಬಾ" ಎನ್ನುತ್ತಾರೆ. ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರು. ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಠರಾವು ಮಾಡಿ, ಎಲ್ಲರೂ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಅವರಿಗೆ ಕೊಟ್ಟು ಬನ್ನಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.