ಹೊಳೆಗೆ ಬಿದ್ದ ಮದ್ದು

ಮದ್ದು ನಾಟದಿದ್ದರೆ ದೂಷಣೆಯೆಲ್ಲ ರೋಗಿಯ ಮೇಲೆ: ಮಾತ್ರೆಯನ್ನು ಅರ್ಧಕ್ಕೇ ಬಿಟ್ಟನಂತೆ! ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಾರ್ಖಾನೆಯ ಕೊಳವೆಯನ್ನು ಕೇಳುವವರಾರು?

ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯಜಲವನ್ನು ಒಂದೇ ಘಟಕದಲ್ಲಿ ಶುದ್ಧೀಕರಿಸಲಾಗುತ್ತಿತ್ತು. ಹಾಗೆ 'ಶುದ್ಧ'ಗೊಂಡು ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಸ್ವೀಡನ್ನಿನ ವಿಜ್ಞಾನಿ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ಇಂಥ ನೀರಿನಲ್ಲಿ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತಾಳಿಕೊಂಡವು ಹೆಚ್ಚುತ್ತವೆ, ನಿರೋಧಕ ಜೀನುಗಳನ್ನು ಅನ್ಯ ಜಾತಿಯವುಗಳಿಗೂ ದಾಟಿಸುತ್ತವೆ. ಸೂಕ್ಷ್ಮಜೀವಿ ವಿಜ್ಞಾನಿ ನಚಿಕೇತ್ ಮರಾಠೆ ಮತ್ತು ಸಹೋದ್ಯೋಗಿಗಳು ಅದೇ ಘಟಕದಿಂದ ಬೇರ್ಪಡಿಸಿದ 93 ತಳಿಗಳನ್ನು 39 ಪ್ರತಿಜೀವಕಗಳಿಗೆ ಒಡ್ಡಿ ನೋಡಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ ಶೇಕಡ 86ರಷ್ಟು ತಳಿಗಳು 20 ಅಥವಾ ಅದಕ್ಕೂ ಹೆಚ್ಚು ಔಷಧಗಳಿಗೆ ಜಗ್ಗಲಿಲ್ಲ. ಕೊಳೆ ತಿನ್ನಲೆಂದು ಸೂಕ್ಷ್ಮಜೀವಿಗಳನ್ನು ಸಾಕಿದ ತೊಟ್ಟಿಯೇ ಅವುಗಳ ಗರಡಿಮನೆಯಾಗಿತ್ತು.

ಇಷ್ಟಾದರೂ ಕೇಂದ್ರ ಪರಿಸರ ಸಚಿವಾಲಯಕ್ಕೆ ಧೈರ್ಯ ಸಾಲಲಿಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಪ್ರತಿಜೀವಕಗಳ ಶೇಷಕ್ಕೆ 2020ರ ಜನವರಿಯ ಕರಡು ನಿಯಮ ಮಿತಿ ಹಾಕಿತ್ತು; 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಮಾಯವಾದವು. ನೀರಿನ ಆಮ್ಲೀಯತೆಯನ್ನು ಅಳೆದು, ಅದರೊಳಗಿನ ಮದ್ದನ್ನು ಅಳೆಯದೆ ಬಿಡುವ ತಪಾಸಣೆ ಯಾರ ಹಿತಕ್ಕಾಗಿ? ಕೈಬಿಟ್ಟ ಮಿತಿಗಳನ್ನು ಸರ್ಕಾರ ಮರಳಿ ತರಬೇಕು. ಪ್ರತಿ ಘಟಕದ ನೀರಿನ ಪರೀಕ್ಷಾ ಫಲಿತಾಂಶ ಹೊಳೆಯ ಕೆಳದಂಡೆಯ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಅಲ್ಲಿನವರ ಭಾಷೆಯಲ್ಲಿ, ಪ್ರಕಟವಾಗಬೇಕು.