ದಾಂಪತ್ಯ ಸುಖವೂ ಆರೋಗ್ಯದ ಮಾತೇ

ಸೊಂಟನೋವು, ಬಿಳಿಸೆರಗು, ನಿದ್ದೆ ಬರುವುದಿಲ್ಲ ಎಂದು ದವಾಖಾನೆಗೆ ಬರುವ ಸಹೋದರಿಯರಲ್ಲಿ ಕೆಲವರ ನಿಜವಾದ ತೊಂದರೆ ಬೇರೆಯೇ ಇರುತ್ತದೆ. ನಿಧಾನವಾಗಿ ವಿಚಾರಿಸಿದರೆ, ಗಂಡನೊಂದಿಗೆ ಸೇರುವಾಗ ನೋವಾಗುತ್ತದೆ ಎನ್ನುತ್ತಾರೆ. ಗಂಡನಿಗೆ ಹೇಳಿದ್ದೀರಾ ಎಂದರೆ ತಲೆ ತಗ್ಗಿಸುತ್ತಾರೆ. ಹೆಣ್ಣು ಇದನ್ನೆಲ್ಲ ಸಹಿಸಿಕೊಳ್ಳಬೇಕು ಎಂದು ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ.

ಸುಖ ಗಂಡಿನ ಹಕ್ಕು, ಸಹನೆ ಹೆಣ್ಣಿನ ಪಾಲು ಎಂಬ ಈ ತಿಳಿವಳಿಕೆ ತಪ್ಪು. ರೋಗವಿಲ್ಲದಿರುವುದಷ್ಟೇ ಲೈಂಗಿಕ ಆರೋಗ್ಯವಲ್ಲ. ಒತ್ತಾಯವಿಲ್ಲದ, ಸುರಕ್ಷಿತವಾದ, ಸುಖಕರವಾದ ಸಂಬಂಧವೂ ಅದರಲ್ಲಿ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ನಮಗೆ ಹೊಸದೂ ಅಲ್ಲ. ಪತ್ನಿಗೂ ತೃಪ್ತಿಯಾಗುವ ತನಕ ಪತಿ ಕಾಯಬೇಕೆಂದು ಇಮಾಮ್ ಗಝ್ಝಾಲಿ ಸುಮಾರು 900 ವರ್ಷಗಳ ಹಿಂದೆಯೇ ಇಹ್ಯಾ ಉಲೂಮಿದ್ದೀನ್‌ನಲ್ಲಿ ಬರೆದಿದ್ದಾರೆ.

ಸುಖಕ್ಕೂ ಆರೋಗ್ಯಕ್ಕೂ ಇರುವ ನಂಟು ಸರಳ. ಮನಸ್ಸು ನಿರಾಳವಾಗಿದ್ದು ಬಯಕೆ ಮೂಡಿದಾಗ ಹೆಣ್ಣಿನ ಅಂಗ ತಾನಾಗಿ ತೇವಗೊಳ್ಳುತ್ತದೆ, ಸಡಿಲಗೊಳ್ಳುತ್ತದೆ. ಅವಸರ ಮಾಡಿದರೆ ಉಜ್ಜಿ ಗಾಯವಾಗುತ್ತದೆ, ಉರಿಯಾಗುತ್ತದೆ. ಮುಂದಿನ ಸಲ ಭಯದಿಂದಲೇ ಸ್ನಾಯುಗಳು ಬಿಗಿಯುತ್ತವೆ, ನೋವು ಇನ್ನಷ್ಟು ಹೆಚ್ಚುತ್ತದೆ. ಹಾಲುಣಿಸುವ ತಿಂಗಳುಗಳಲ್ಲಿ ಮತ್ತು ಮುಟ್ಟು ನಿಂತ ಮೇಲೆ ಒಣಗುವಿಕೆ ಸಾಮಾನ್ಯ. ಸೋಂಕು, ಗರ್ಭಕೋಶದ ತೊಂದರೆ, ಸಕ್ಕರೆ ಕಾಯಿಲೆಯೂ ಕಾರಣವಿರಬಹುದು. ಇವಕ್ಕೆಲ್ಲ ಚಿಕಿತ್ಸೆಯಿದೆ.

ಪುರುಷರಲ್ಲೂ ಹಾಗೆಯೇ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರ. ಹಾಗಾಗಿ ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟಿನಿಂದಾಗುವ ಹಾನಿ ಅಲ್ಲಿ ಮೊದಲು ಕಾಣಿಸಿಕೊಳ್ಳಬಹುದು. ಉದ್ರೇಕ ಉಳಿಯದಿರುವುದು ಕೆಲವೊಮ್ಮೆ ಹೃದ್ರೋಗದ ಮುನ್ಸೂಚನೆ.

ಆದರೆ ಗಂಡಸರು ಮೊದಲು ಹುಡುಕುವುದು 'ಶಕ್ತಿವರ್ಧಕ' ಜಾಹೀರಾತನ್ನು. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಹಕೀಮರ ಹೆಸರಿನಲ್ಲಿ ಮಾರುವ ಗೊತ್ತುಗುರಿಯಿಲ್ಲದ ಪುಡಿ, ಮಾಜೂನ್‌ಗಳನ್ನು ನುಂಗಬೇಡಿ. ಇಂಥ ಎಷ್ಟೋ ಉತ್ಪನ್ನಗಳಲ್ಲಿ ಸಿಲ್ಡೆನಾಫಿಲ್ ಎಂಬ ಅಲೋಪತಿ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಸೇವಿಸಿದರೆ ರಕ್ತದೊತ್ತಡ ಥಟ್ಟನೆ ಕುಸಿದು ಪ್ರಾಣಕ್ಕೇ ಅಪಾಯ.

ಮನಸ್ಸಿನ ಸ್ಥಿತಿ ಮತ್ತು ನಿದ್ದೆಯನ್ನು ಯುನಾನಿ ಪದ್ಧತಿ ಗಾಳಿ, ಆಹಾರದಷ್ಟೇ ಅಗತ್ಯವೆಂದು ಎಣಿಸುತ್ತದೆ. ಸಾಲದ ಚಿಂತೆ, ದಿನವಿಡೀ ಅಡುಗೆಮನೆಯ ದುಡಿಮೆ, ಬಾಗಿಲು ಹಾಕಿಕೊಳ್ಳಲೂ ಸಂಕೋಚಪಡುವ ಕೂಡುಕುಟುಂಬ, ಇವುಗಳ ನಡುವೆ ಬಯಕೆ ಬತ್ತುವುದು ಸಹಜ. ಅದನ್ನು ಅವಳ ಕೊರತೆ, ಇವನ ದೌರ್ಬಲ್ಯ ಎಂದು ಹಣೆಪಟ್ಟಿ ಹಚ್ಚಬೇಡಿ.

ಹಯಾ ಈಮಾನಿನ ಭಾಗ, ನಿಜ. ಆದರೆ ಲಜ್ಜೆ ತಮ್ಮನ್ನು ತಿಳಿವಳಿಕೆಯಿಂದ ತಡೆಯಲು ಬಿಡಲಿಲ್ಲವೆಂದೇ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದರು. ಈ ಮಾತನ್ನು ಬೀದಿಯಲ್ಲಿ ಆಡಬೇಕಿಲ್ಲ. ಪತಿ-ಪತ್ನಿಯರ ನಡುವೆ, ವೈದ್ಯರ ಮುಂದೆ ಆಡಿದರೆ ಸಾಕು.

ಸಹೋದರರೇ, ಪತ್ನಿಗೆ ನೋವಾದರೆ ಅಲ್ಲಿಗೇ ನಿಲ್ಲಿಸಿ. ಹೇಗಿದೆ ಎಂದು ಕೇಳಿ, ಸ್ತ್ರೀರೋಗ ತಜ್ಞೆಯ ಬಳಿಗೆ ನೀವೇ ಕರೆದೊಯ್ಯಿರಿ. ತೊಂದರೆ ನಿಮ್ಮದಾದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಮದುವೆಗೆ ಮುನ್ನ ಒಡವೆಯ ಲೆಕ್ಕ ಹಾಕುವ ತಾಯಂದಿರು ಮಗಳಿಗೆ, ಹಾಲ್ ಹುಡುಕುವ ತಂದೆಯಂದಿರು ಮಗನಿಗೆ ಇಷ್ಟನ್ನು ಹೇಳಿಕೊಡಲಿ.