ಹಿನ್ನೆಲೆಯನ್ನು ಅಳಿಸುವ ಮುನ್ನ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸಾರ್, ನಮ್ಮ ತಂದೆಯವರ ವೈಕುಂಠ ಸಮಾರಾಧನೆಯ ಪತ್ರಿಕೆಗೆ ಒಂದು ಭಾವಚಿತ್ರ ಬೇಕು. ಯಾರದೋ ಮದುವೆಯಲ್ಲಿ ತೆಗೆದದ್ದು ಒಂದಿದೆ. ಮುಖ ಚೆನ್ನಾಗಿ ಬಂದಿದೆ, ಆದರೆ ಹಿಂದೆ ಜನ, ಕುರ್ಚಿ, ಶಾಮಿಯಾನ ಎಲ್ಲ ಇವೆ. ಹಿನ್ನೆಲೆಯನ್ನು ತೆಗೆದು ಪಾರದರ್ಶಕ ಮಾಡುವುದು ಹೇಗೆ?" ಎಂದು ಕೇಳಿದ. ನಿವೃತ್ತಿಯ ನಂತರ ನಾನು ಕಲಿತ ಅಲ್ಪಸ್ವಲ್ಪ ವಿದ್ಯೆಗಳಲ್ಲಿ ಇದೂ ಒಂದು. ಹೇಳಿಕೊಟ್ಟೆ. ಕೊನೆಯಲ್ಲಿ ಒಂದು ಮಾತನ್ನು ಸೇರಿಸಿದೆ: "ಏನು ಬೇಕಾದರೂ ಮಾಡು, ಮೂಲ ಚಿತ್ರವನ್ನು ಮಾತ್ರ ಮುಟ್ಟಬೇಡ." ಆತ "ಆಗಲಿ ಸಾರ್" ಎಂದ. ಆದರೆ ನಾನು ಅಷ್ಟು ಒತ್ತಿ ಹೇಳಿದ್ದೇಕೆ ಎಂಬುದು ಅವನಿಗೆ ತಿಳಿದಿರಲಾರದು. ಅದನ್ನು ಇಲ್ಲಿ ಎಲ್ಲರಿಗೂ ಹೇಳಬೇಕೆನಿಸಿತು.

ಮೊದಲು ಈ ಪಾರದರ್ಶಕತೆ ಎಂದರೇನು ಎಂಬುದನ್ನು ನೋಡೋಣ. ಕಂಪ್ಯೂಟರಿನ ಚಿತ್ರವೆಂದರೆ ನಮ್ಮ ಅಂಗಳದ ಚುಕ್ಕಿ ರಂಗೋಲಿಯಂತೆ. ಲಕ್ಷಾಂತರ ಚುಕ್ಕಿಗಳ ಜೋಡಣೆ. ಸಾಮಾನ್ಯವಾಗಿ ಪ್ರತಿಯೊಂದು ಚುಕ್ಕಿಗೂ ಮೂರು ಅಂಕಿಗಳಿರುತ್ತವೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು, 0ಯಿಂದ 255ರವರೆಗೆ. ಪಾರದರ್ಶಕ ಚಿತ್ರದಲ್ಲಿ ನಾಲ್ಕನೆಯ ಅಂಕಿಯೊಂದು ಸೇರುತ್ತದೆ. ಅದಕ್ಕೆ ಆಲ್ಫಾ ಎಂದು ಹೆಸರು. ಆಲ್ಫಾ 255 ಇದ್ದರೆ ಚುಕ್ಕಿ ಪೂರ್ತಿ ಕಾಣುತ್ತದೆ. 0 ಇದ್ದರೆ ಗಾಜಿನಂತೆ, ಅದರ ಹಿಂದಿರುವುದು ಕಾಣುತ್ತದೆ. ನಡುವಿನ ಅಂಕಿಗಳಲ್ಲಿ ಅರೆಬರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ತಾಂತ್ರಿಕ ಸಂಸ್ಥೆಯೊಂದರಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಈ ಕಲ್ಪನೆಯನ್ನು ರೂಪಿಸಿದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬಿಬ್ಬರು ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಲೆಕ್ಕಾಚಾರದ ನಿಯಮಗಳನ್ನು ಬರೆದರು.

ಚಿತ್ರವನ್ನು ಯಾವ ಬಗೆಯ ಕಡತದಲ್ಲಿ ಉಳಿಸುತ್ತೇವೆ ಎಂಬುದೂ ಮುಖ್ಯ. 1989ರ ಜಿಫ್ ಕಡತದಲ್ಲಿ ಒಂದೇ ಒಂದು ಬಣ್ಣವನ್ನು ಪಾರದರ್ಶಕವೆಂದು ಗುರುತಿಸಬಹುದಿತ್ತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅರೆಬರೆಗೆ ಅವಕಾಶವಿರಲಿಲ್ಲ. 1996ರಲ್ಲಿ ಬಂದ ಪಿಎನ್‌ಜಿ ಕಡತ ಆಲ್ಫಾ ಅಂಕಿಯನ್ನು ಪೂರ್ತಿಯಾಗಿ ಇಟ್ಟುಕೊಳ್ಳುತ್ತದೆ. ನಾವು ದಿನವೂ ಬಳಸುವ ಜೆಪೆಗ್ ಕಡತದಲ್ಲಿ ಅದಕ್ಕೆ ಜಾಗವೇ ಇಲ್ಲ. ಗಂಟೆಗಟ್ಟಲೆ ಕುಳಿತು ಹಿನ್ನೆಲೆಯನ್ನು ತೆಗೆದು, ಜೆಪೆಗ್ ಆಗಿ ಉಳಿಸಿ, "ಸಾರ್, ಮತ್ತೆ ಬಿಳಿ ಚೌಕ ಬಂದು ಕೂತಿದೆ!" ಎಂದು ಅಲವತ್ತುಕೊಳ್ಳುವವರು ಇದನ್ನು ನೆನಪಿಡಬೇಕು.

ಈಗ ನನ್ನ ಕಥೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳಿದ ಶಾಲೆಯಲ್ಲಿ ಸುವರ್ಣ ಮಹೋತ್ಸವ ನಡೆಯಿತು. ವೇದಿಕೆಯ ಹಿಂದಿನ ಫ್ಲೆಕ್ಸಿಗೆ ಮೊದಲ ಮುಖ್ಯೋಪಾಧ್ಯಾಯರ ಭಾವಚಿತ್ರ ಬೇಕಾಯಿತು. ಅವರದು ಬಿಡಿಚಿತ್ರ ಎಲ್ಲಿಯೂ ಸಿಗಲಿಲ್ಲ. ನನ್ನ ಬಳಿ 1978ರ ಗುಂಪು ಫೋಟೋದ ಒಂದು ಪ್ರತಿ ಇತ್ತು. ಸ್ಕ್ಯಾನ್ ಮಾಡಿ ಒಬ್ಬ ಜಾಣ ವಿದ್ಯಾರ್ಥಿಗೆ ಕಳಿಸಿದೆ. "ಮುಖ್ಯೋಪಾಧ್ಯಾಯರನ್ನು ಮಾತ್ರ ಉಳಿಸು, ಉಳಿದದ್ದನ್ನೆಲ್ಲ ತೆಗೆದುಬಿಡು" ಎಂದು ಹೇಳಿದವನು ನಾನೇ.

ಕೆಲಸ ಸುಲಭದ್ದಾಗಿರಲಿಲ್ಲ. ಅವರು ಉಟ್ಟಿದ್ದು ಬಿಳಿ ಪಂಚೆ, ತೊಟ್ಟಿದ್ದು ಬಿಳಿ ಜುಬ್ಬ. ಹಿಂದೆ ಸುಣ್ಣ ಬಳಿದ ಗೋಡೆ. ಒಂದೇ ಬಣ್ಣದ ಚುಕ್ಕಿಗಳನ್ನು ಒಟ್ಟಿಗೆ ಹಿಡಿಯುವ ಮಾಯಾದಂಡದಂಥ ಸಾಧನವೊಂದಿದೆಯಲ್ಲ, ಅದನ್ನು ಗೋಡೆಯ ಮೇಲಿಟ್ಟರೆ ಗೋಡೆಯ ಜೊತೆಗೆ ಜುಬ್ಬವೂ ಹೊರಟುಹೋಗುತ್ತಿತ್ತು. ಕೊನೆಗೆ ಆ ಹುಡುಗ ಎರಡು ಸಂಜೆ ಕುಳಿತು, ಅಂಚಿನುದ್ದಕ್ಕೂ ಬಿಂದುಗಳನ್ನಿಡುತ್ತ ಕೈಯಲ್ಲೇ ಗೆರೆ ಎಳೆದು ಬಿಡಿಸಿದ. ಎಡಭುಜದ ಬಳಿ ಮಾತ್ರ ಸ್ವಲ್ಪ ಉಳಿದುಹೋಯಿತು: ಕುರ್ಚಿಯ ಬೆನ್ನನ್ನು ಹಿಡಿದಿದ್ದ ಯಾರದೋ ನಾಲ್ಕು ಬೆರಳು. ಫ್ಲೆಕ್ಸಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸಮಾರಂಭ ಚೆನ್ನಾಗಿ ಆಯಿತು. ಚಿತ್ರವನ್ನು ಎಲ್ಲರೂ ಮೆಚ್ಚಿದರು.

ಆಮೇಲೆ ಕೆಲವು ತಿಂಗಳಿಗೆ ಒಬ್ಬ ಹೆಣ್ಣುಮಗಳು ಮನೆಗೆ ಬಂದಳು. ನಮ್ಮ ಶಾಲೆಯ ಜವಾನರಾಗಿದ್ದವರ ಮೊಮ್ಮಗಳು. ನೀವೆಲ್ಲ ಗಂಟೆಯಣ್ಣ ಎಂದು ಕರೆಯುತ್ತಿದ್ದಿರಲ್ಲ, ಅವರೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದು, ನೀರು ತುಂಬಿಸಿ, ಸರಿಯಾದ ಸಮಯಕ್ಕೆ ಕಂಬಿಯ ತುಂಡನ್ನು ಬಾರಿಸುತ್ತಿದ್ದವರು. ಜ್ವರ ಬಂದ ಮಕ್ಕಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟು ಬರುತ್ತಿದ್ದವರು. ಆ ಮಗಳು, "ಮೇಷ್ಟ್ರೇ, ನಮ್ಮ ಮನೆಯಲ್ಲಿ ತಾತನದು ಒಂದೂ ಫೋಟೋ ಇಲ್ಲ. ಶಾಲೆಯ ಗುಂಪಿನಲ್ಲಿ ಒಂದು ಸಲ ನಿಂತಿದ್ದರು ಅಂತ ಅಮ್ಮ ಹೇಳುತ್ತಾರೆ. ನಿಮ್ಮ ಹತ್ತಿರ ಇದೆಯೇ?" ಎಂದು ಕೇಳಿದಳು.

ಇತ್ತು. ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ನಿಂತಿದ್ದವರು ಅವರೇ. ಆ ನಾಲ್ಕು ಬೆರಳುಗಳು ಅವರವೇ.

ನನ್ನ ಕಾಗದದ ಪ್ರತಿ ತೇವಕ್ಕೆ ಸಿಕ್ಕಿ, ಗಾಜಿಗೆ ಅಂಟಿಕೊಂಡು ಹಾಳಾಗಿತ್ತು. ಹೇಗೂ ಸ್ಕ್ಯಾನ್ ಆಗಿದೆಯಲ್ಲ ಎಂದು ಅದನ್ನು ಎಸೆದುಬಿಟ್ಟಿದ್ದೆ. ಸ್ಕ್ಯಾನ್ ಮಾಡಿದ ಪಿಎನ್‌ಜಿ ಕಡತವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಅದರಲ್ಲಿ ಮುಖ್ಯೋಪಾಧ್ಯಾಯರೊಬ್ಬರೇ! ಹುಡುಗ ಬಿಡಿಸಿದ ಚಿತ್ರವನ್ನು ಅದೇ ಹೆಸರಿನಲ್ಲಿ ಉಳಿಸಿ ನನಗೆ ಕಳಿಸಿದ್ದ. ನಾನು ಅದನ್ನು ಹಳೆಯ ಕಡತದ ಮೇಲೆಯೇ ಇಳಿಸಿಕೊಂಡಿದ್ದೆ. ಅವನ ಬಳಿಯೂ ಮೂಲವಿರಲಿಲ್ಲ. ಒಂದು ಕ್ಷೀಣವಾದ ಆಸೆ ಉಳಿದಿತ್ತು. ಪಾರದರ್ಶಕವಾದ ಚುಕ್ಕಿಗಳ ಹಳೆಯ ಬಣ್ಣ ಕೆಲವೊಮ್ಮೆ ಕಡತದಲ್ಲಿ ಕಾಣದಂತೆ ಉಳಿದಿರುತ್ತದೆ, ಆಲ್ಫಾವನ್ನು ಮರಳಿ 255 ಮಾಡಿದರೆ ಅದು ಎದ್ದು ಬರಬಹುದು. ಪ್ರಯತ್ನಿಸಿದೆವು. ಆದರೆ ಚಿತ್ರವನ್ನು ಮುಖ್ಯೋಪಾಧ್ಯಾಯರ ಅಳತೆಗೆ ಕತ್ತರಿಸಿಯಾಗಿತ್ತು, ಉಳಿದ ಕಡೆ ಬಣ್ಣವೂ ಉಳಿದಿರಲಿಲ್ಲ. ಆ ಮಗಳಿಗೆ ನಾಲ್ಕು ಬೆರಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. "ಹೋಗಲಿ ಬಿಡಿ ಮೇಷ್ಟ್ರೇ" ಎಂದು ನನ್ನನ್ನೇ ಸಮಾಧಾನಪಡಿಸಿ ಹೊರಟಳು.

ಅಂದಿನಿಂದ ಹಿನ್ನೆಲೆ ಎಂಬ ಪದದ ಮೇಲೆ ನನಗೆ ಸಂಶಯ ಮೂಡಿದೆ. ಯಾವುದು ಮುಂದಿನದು, ಯಾವುದು ಹಿನ್ನೆಲೆ ಎಂಬುದು ಚಿತ್ರದಲ್ಲಿ ಬರೆದಿರುವುದಿಲ್ಲ. ನೋಡುವವನ ಅಂದಿನ ಅಗತ್ಯ ಅದನ್ನು ತೀರ್ಮಾನಿಸುತ್ತದೆ. ನನ್ನ ಅಂದಿನ ಅಗತ್ಯಕ್ಕೆ ಗಂಟೆಯಣ್ಣ ಗೋಡೆಯ ಒಂದು ಭಾಗವಾಗಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದವನಿಗೆ ಹಾಗೆ ಕಂಡಿತಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಚಿತ್ರದಿಂದ ಮನುಷ್ಯರನ್ನು ಅಳಿಸುವುದು ಹೊಸದಲ್ಲ. ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕದಲ್ಲಿ ನಡೆಯುತ್ತಿದ್ದ ಯೆಝೋವ್ ಎಂಬ ಅಧಿಕಾರಿ 1940ರಲ್ಲಿ ಮರಣದಂಡನೆಗೆ ಗುರಿಯಾದ. ಆಮೇಲೆ ಅದೇ ಫೋಟೋದಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು ಕಾಣಿಸಿತು. ಅದು ಅಧಿಕಾರದ ಕ್ರೌರ್ಯ. ನಮ್ಮದು ಕೇವಲ ಅಜಾಗರೂಕತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೆ ಮೊಮ್ಮಗಳ ಪಾಲಿಗೆ ತಾತ ಇಲ್ಲವಾದದ್ದು ಇಲ್ಲವಾದದ್ದೇ.

ಹಾಗೆಂದು ಹಿನ್ನೆಲೆ ತೆಗೆಯುವುದೇ ತಪ್ಪು ಎಂದು ನನ್ನ ವಾದವಲ್ಲ. ಶ್ರದ್ಧಾಂಜಲಿಯ ಪತ್ರಿಕೆಯಲ್ಲಿ ಹಿರಿಯರ ಮುಖವೊಂದೇ ಕಾಣಬೇಕು, ಊಟದ ಎಲೆಯಲ್ಲ. ಹಿಂದಿನ ಸ್ಟುಡಿಯೋದವರೂ ಬಣ್ಣದ ಪರದೆ ಇಳಿಬಿಟ್ಟು ನಿಜವಾದ ಹಿನ್ನೆಲೆಯನ್ನು ಮರೆಮಾಡುತ್ತಿದ್ದರು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಆದರೆ ಪರದೆ ಯಾರನ್ನೂ ಅಳಿಸುತ್ತಿರಲಿಲ್ಲ. ಈಗಿನ ಸೌಲಭ್ಯದ ಅಪಾಯವಿರುವುದು ಅದರ ಸುಲಭದಲ್ಲಿ. ಅಂದು ಎರಡು ಸಂಜೆ ಹಿಡಿದ ಕೆಲಸವನ್ನು ಇಂದಿನ ಫೋನು ಬೆರಳೊತ್ತಿದೊಡನೆ ಮಾಡಿಕೊಡುತ್ತದೆ. ಯಾರು ಮುಖ್ಯ, ಯಾರು ಹಿನ್ನೆಲೆ ಎಂಬುದನ್ನೂ ಅದೇ ಊಹಿಸುತ್ತದೆ. ಕೈಯಲ್ಲಿ ಗೆರೆ ಎಳೆಯುವವನಿಗೆ ಆ ಬೆರಳು ಯಾರದು ಎಂದು ಕೇಳಿಕೊಳ್ಳಲು ಸಮಯವಾದರೂ ಇತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲು ಮೂಲದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಮಾಡಿಕೊಂಡು, ಅದರ ಮೇಲೆ ಮಾತ್ರ ಕೆಲಸ ಮಾಡಿರಿ. ಎರಡನೆಯದಾಗಿ, ಹಿನ್ನೆಲೆಯನ್ನು ಅಳಿಸಬೇಡಿ, ಮರೆಮಾಡಿರಿ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಲೇಯರ್ ಮಾಸ್ಕ್ ಎಂಬ ಅನುಕೂಲವಿದೆ. ಮಾಸ್ಕಿನ ಮೇಲೆ ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದಲ್ಲಿ ಮತ್ತೆ ಕಾಣುತ್ತದೆ, ಬೂದು ಬಳಿದಲ್ಲಿ ಅರೆಪಾರದರ್ಶಕವಾಗುತ್ತದೆ. ಕೂದಲಿನ ಅಂಚಿಗೆ ಇದೇ ತಕ್ಕದ್ದು. ಇಲ್ಲಿ ಯಾವ ಚುಕ್ಕಿಯೂ ನಾಶವಾಗುವುದಿಲ್ಲ. ಕೆಲಸದ ಕಡತವನ್ನು ಗಿಂಪಿನ ಸ್ವಂತ ಬಗೆಯಾದ ಎಕ್ಸ್‌ಸಿಎಫ್‌ನಲ್ಲಿ ಉಳಿಸಿ, ಮುದ್ರಣಕ್ಕೆ ಕೊಡಲು ಪಿಎನ್‌ಜಿ ಒಂದನ್ನು ಬೇರೆಯಾಗಿ ತೆಗೆಯಿರಿ. ಮೂರನೆಯದಾಗಿ, ಕತ್ತರಿಸುವ ಮುನ್ನ ಚಿತ್ರದಲ್ಲಿರುವ ಎಲ್ಲರ ಹೆಸರನ್ನೂ, ತಿಳಿದಷ್ಟನ್ನು, ಒಂದು ಕಡೆ ಬರೆದಿಡಿ. ಅಂಚಿನಲ್ಲಿ ನಿಂತವರಿಂದಲೇ ಆರಂಭಿಸಿರಿ. ಕೊನೆಯದಾಗಿ, ಸ್ಕ್ಯಾನ್ ಆಯಿತೆಂದು ಕಾಗದದ ಪ್ರತಿಯನ್ನು ಎಸೆಯಬೇಡಿ.

ಇನ್ನೊಂದು ವಿನಂತಿ. ಅಂದು ಆ ಫೋಟೋದ ಪ್ರತಿಗಳನ್ನು ಹಲವರು ಹಣ ಕೊಟ್ಟು ಕೊಂಡಿದ್ದಿರಿ. 1978ರಲ್ಲಿ ಹತ್ತನೆಯ ತರಗತಿಯಲ್ಲಿದ್ದವರು ದಯವಿಟ್ಟು ನಿಮ್ಮ ಮನೆಯ ಟ್ರಂಕು, ಅಟ್ಟ, ಹಳೆಯ ಆಲ್ಬಮ್ಮುಗಳನ್ನು ಒಮ್ಮೆ ನೋಡಿರಿ. ನಡುವಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯರು ಕುಳಿತಿದ್ದಾರೆ. ಅವರ ಹಿಂದೆ, ಎಡಕ್ಕೆ, ಕುರ್ಚಿಯ ಮೇಲೆ ಕೈಯಿಟ್ಟು ಒಬ್ಬರು ನಿಂತಿದ್ದಾರೆ. ಮಸುಕಾಗಿದ್ದರೂ, ಹರಿದಿದ್ದರೂ ಚಿಂತೆಯಿಲ್ಲ, ಹಾಗೆಯೇ ಕಳಿಸಿಕೊಡಿ. ಈ ಸಲ ಏನನ್ನೂ ಅಳಿಸುವುದಿಲ್ಲ.